ಒಗರಿನ ಗುಟ್ಟು: ಸಿಪ್ಪೆ, ಚಿಪ್ಪು, ತುಕ್ಕು ಬಟ್ಟೆಗೆ ಗುಣ ಕೊಡುವ ಬಗೆ

ದಾಳಿಂಬೆ ಬಿಡಿಸುವಾಗ ಸಿಪ್ಪೆಯ ಒಳಗಿನ ಹಳದಿ ಪೊರೆ ಒಂಚೂರು ನಾಲಿಗೆಗೆ ತಾಗಿದರೆ ಏನಾಗುತ್ತದೆ ಅಂತ ನಿಮಗೆ ಗೊತ್ತು. ಬಾಯಿ ಒಣಗಿದ ಹಾಗಾಗಿ ನಾಲಿಗೆ ಒರಟಾಗುತ್ತದೆ. ಹಸಿ ಅಡಿಕೆ, ಅಳಲೆಕಾಯಿ, ಬಾಳೆಕಾಯಿ, ಹೆಚ್ಚು ಹೊತ್ತು ಕುದಿಸಿದ ಚಹಾ, ಎಲ್ಲದರಲ್ಲೂ ಇದೇ ಒಗರು. ಇದಕ್ಕೆ ಕಾರಣ ಟ್ಯಾನಿನ್ ಎಂಬ ವಸ್ತು. ಅದು ನಮ್ಮ ಎಂಜಲಿನಲ್ಲಿರುವ ಪ್ರೋಟೀನನ್ನು ಹಿಡಿದು ಗಂಟು ಕಟ್ಟಿಬಿಡುತ್ತದೆ. ಬಾಯಿಯ ಜಾರುತನ ಹೋಗುವುದು ಅದಕ್ಕೇ. ಹೀಗೆ ಸಿಕ್ಕಿದ್ದನ್ನು ಬಿಗಿಯಾಗಿ ಹಿಡಿದುಕೊಳ್ಳುವ ಗುಣವೇ ಬಣ್ಣಗಾರರಿಗೆ ಬೇಕಾಗಿರುವುದು.

ಬಟ್ಟೆ ನೇಯ್ದು ಮುಗಿದ ಮೇಲೆ ಕೆಲಸ ಅರ್ಧ ಮಾತ್ರ ಆಗಿರುತ್ತದೆ. ಬಣ್ಣ ಹಾಕಬೇಕು. ಆಮೇಲೆ ಮಿಲ್ಲಿನವರು ಫಿನಿಶಿಂಗ್ ಅನ್ನುವ ಸಂಸ್ಕಾರಗಳಿವೆ: ಬೆವರಿನ ವಾಸನೆ ಕಟ್ಟದ ಹಾಗೆ ಮಾಡುವುದು, ಬಿಸಿಲಿನ ಅತಿನೇರಳೆ ಕಿರಣ ತಡೆಯುವುದು, ಬೆಂಕಿ ಬೇಗ ಹತ್ತದ ಹಾಗೆ ಮಾಡುವುದು, ಪಾಲಿಯೆಸ್ಟರ್ ಕೂಡ ಬೆವರು ಹೀರುವ ಹಾಗೆ ಮಾಡುವುದು. ಇದಕ್ಕೆಲ್ಲ ಕಾರ್ಖಾನೆಯ ರಾಸಾಯನಿಕಗಳೇ ಇಷ್ಟು ದಿನ ನಡೆದು ಬಂದಿವೆ. ಈಗ ಅದೇ ಕೆಲಸಕ್ಕೆ ಹೊಲದ ಕಸ, ಜ್ಯೂಸ್ ಅಂಗಡಿಯ ಸಿಪ್ಪೆ, ಮೀನು ಬಂದರಿನ ಚಿಪ್ಪು, ರೇಷ್ಮೆ ಬೇಯಿಸಿದ ನೀರು ಇವನ್ನೆಲ್ಲ ಬಳಸುವ ಪ್ರಯತ್ನ ನಡೆದಿದೆ. ಕಾಲೇಜುಗಳಲ್ಲಿ ಪ್ರಾಜೆಕ್ಟುಗಳು ಬರುತ್ತಿವೆ, ಅಂಗಡಿಗಳಲ್ಲಿ 'ನೈಸರ್ಗಿಕ', 'ಆಂಟಿಬ್ಯಾಕ್ಟೀರಿಯಲ್' ಅಂತ ಚೀಟಿ ಅಂಟಿಸಿ ಹೆಚ್ಚು ಬೆಲೆ ಕೇಳುತ್ತಿದ್ದಾರೆ. ಇದರಲ್ಲಿ ನಿಜವೆಷ್ಟು, ಬರೀ ಮಾತೆಷ್ಟು ಅಂತ ನೀವೇ ಅಳೆಯುವಂತಾಗಬೇಕು. ಅದಕ್ಕೆ ಒಂದೇ ಪ್ರಶ್ನೆ ಕೇಳಿದರೂ ಸಾಕಾಗುತ್ತದೆ: ಹಾಕಿದ ಗುಣ ಎಷ್ಟು ಒಗೆತ ತಡೆಯುತ್ತದೆ?

ಇದೇನೂ ಹೊಸ ವಿದ್ಯೆ ಅಲ್ಲ. ಕಛ್‌ನ ಅಜ್ರಖ್ ಬಟ್ಟೆ ನೋಡಿದ್ದೀರಾ? ನೀಲಿ, ಕೆಂಪು, ಕಪ್ಪು ಬಣ್ಣದ ಆ ಅಚ್ಚಿನ ಕೆಲಸವನ್ನು ಅಲ್ಲಿನ ಮುಸ್ಲಿಂ ಖತ್ರಿ ಕುಟುಂಬಗಳು ತಲೆಮಾರುಗಳಿಂದ ಉಳಿಸಿಕೊಂಡು ಬಂದಿವೆ. ಅದರ ಕಪ್ಪು ಬಣ್ಣ ಎಲ್ಲಿಂದ ಬರುತ್ತದೆ ಗೊತ್ತಾ? ಗುಜರಿ ಕಬ್ಬಿಣದಿಂದ. ತುಕ್ಕು ಹಿಡಿದ ಕಬ್ಬಿಣದ ಚೂರುಗಳನ್ನು ಬೆಲ್ಲದ ನೀರಿಗೆ ಹಾಕಿ, ಸ್ವಲ್ಪ ಕಡಲೆಹಿಟ್ಟು ಸೇರಿಸಿ, ದಿನಗಟ್ಟಲೆ ಹುಳಿ ಬರಿಸುತ್ತಾರೆ. ಹುಳಿಗೆ ಕಬ್ಬಿಣ ನಿಧಾನವಾಗಿ ಕರಗುತ್ತದೆ. ಆ ನೀರಿಗೆ ಹುಣಸೆ ಬೀಜದ ಪುಡಿ ಹಾಕಿ ಕುದಿಸಿ, ಅಚ್ಚು ಒತ್ತುವಷ್ಟು ಗಟ್ಟಿ ಮಾಡುತ್ತಾರೆ. ಬಟ್ಟೆಯನ್ನು ಮೊದಲೇ ಅಳಲೆಕಾಯಿ ನೀರಲ್ಲಿ ಅದ್ದಿ ಒಣಗಿಸಿರುತ್ತಾರೆ. ಅಳಲೆಯ ಟ್ಯಾನಿನ್ನೂ ಅಚ್ಚಿನ ಕಬ್ಬಿಣವೂ ಬಟ್ಟೆಯ ಮೇಲೆ ಸೇರಿದ ಕ್ಷಣದಿಂದ ಕಪ್ಪಾಗತೊಡಗುತ್ತದೆ. ಆಂಧ್ರದ ಮಚಲೀಪಟ್ಟಣ, ಶ್ರೀಕಾಳಹಸ್ತಿಯ ಕಲಂಕಾರಿ ಕಪ್ಪೂ ಇದೇ ಕಬ್ಬಿಣ-ಬೆಲ್ಲದ್ದು. ಹೈದರಾಬಾದಿನಲ್ಲಿರುವವರು ಕಲಂಕಾರಿ ದುಪಟ್ಟಾ ಕೊಂಡಿದ್ದರೆ ಗುಜರಿ ಅಂಗಡಿಯ ಒಂದು ತುಣುಕು ಹೆಗಲ ಮೇಲೆ ಹಾಕಿಕೊಂಡ ಹಾಗೆಯೇ ಲೆಕ್ಕ.

ಆ ಹುಣಸೆ ಬೀಜದ ಬಗ್ಗೆ ಇಲ್ಲೇ ಒಂದು ಮಾತು. ಹುಣಸೆಹಣ್ಣು ಕುಟ್ಟಿ ತೆಗೆದ ಮೇಲೆ ಬೀಜ ಕಸ. ಎರಡನೇ ಮಹಾಯುದ್ಧದ ಕಾಲದಲ್ಲಿ ಮಿಲ್ಲುಗಳಿಗೆ ನೂಲಿಗೆ ಹಾಕುವ ಗಂಜಿಗಾಗಿ ಬೇರೆ ದಾರಿ ಹುಡುಕಬೇಕಾಯಿತು. ಆಗ ಈ ಬೀಜದ ಪುಡಿ ಬಳಕೆಗೆ ಬಂತು. ಇವತ್ತಿಗೂ ಸೆಣಬು, ಹತ್ತಿ ನೂಲಿಗೆ ಗಂಜಿಯಾಗಿ, ಅಚ್ಚಿನ ಬಣ್ಣಕ್ಕೆ ಮಂದ ಕೊಡುವುದಕ್ಕಾಗಿ ಅದು ನಡೆಯುತ್ತಲೇ ಇದೆ. ಯಾವ ಚೀಟಿಯ ಮೇಲೂ ಅದರ ಹೆಸರಿಲ್ಲ. ನನ್ನ ಲೆಕ್ಕದಲ್ಲಿ ಕಸ ನಿಜವಾಗಿ ಸರಕಾಗಿದೆ ಅನ್ನಬೇಕಾದರೆ ಹೀಗಿರಬೇಕು.

ನಮ್ಮ ಮಲೆನಾಡಿನಲ್ಲಿ ಅಡಿಕೆ ಬೇಯಿಸಿದ ಮೇಲೆ ಹಂಡೆಯಲ್ಲಿ ಉಳಿಯುವ ಕೆಂಗಂದು ನೀರಿಗೆ ಚೊಗರು ಅನ್ನುತ್ತಾರೆ. ಒಗರಿಗೂ ಚೊಗರಿಗೂ ಎಷ್ಟು ಹತ್ತಿರ ನೋಡಿ. ಇದು ಪೂರಾ ಕಸವಲ್ಲ, ಮುಂದಿನ ಸಲದ ಅಡಿಕೆಗೆ ಬಣ್ಣ ಬರಲು ಅದನ್ನೇ ಸೇರಿಸುತ್ತಾರೆ, ಮಾರುವುದೂ ಉಂಟು. ಸಾಗರ ತಾಲ್ಲೂಕಿನ ಹೆಗ್ಗೋಡಿನ ಬಳಿ ರಂಗಕರ್ಮಿ ಪ್ರಸನ್ನ ಅವರು ಕಟ್ಟಿದ ಚರಕ ಮಹಿಳಾ ಸಹಕಾರ ಸಂಘ ಈ ಚೊಗರಿನಿಂದ ಕೈಮಗ್ಗದ ಬಟ್ಟೆಗೆ ಬಣ್ಣ ಹಾಕಿ ಹೆಸರು ಮಾಡಿತು. ಪಕ್ಕದ ತೋಟದಲ್ಲಿ ಸಿಗುವ ವಸ್ತುವಿಗೆ ಪಕ್ಕದ ಮಗ್ಗ ಸಿಕ್ಕಿದರೆ ಸಾಗಣೆ ಖರ್ಚು ಇರುವುದಿಲ್ಲ.

ಈಗ ದಾಳಿಂಬೆಗೆ ಬರೋಣ. ಹಣ್ಣಿನ ತೂಕದಲ್ಲಿ ಮೂರನೇ ಒಂದು ಪಾಲಿಗಿಂತ ಹೆಚ್ಚು ಸಿಪ್ಪೆಯೇ ಇರುತ್ತದೆ, ಜ್ಯೂಸ್ ಮಾಡುವಲ್ಲಿ ಅದೆಲ್ಲ ಬುಟ್ಟಿಗೆ. ಸೋಲಾಪುರವನ್ನು ತೆಗೆದುಕೊಳ್ಳಿ. ಮಹಾರಾಷ್ಟ್ರದಲ್ಲಿದ್ದರೂ ಕನ್ನಡ ಮಾತು ಕಿವಿಗೆ ಬೀಳುವ ಊರು. ಚಾದರು, ಟವೆಲ್ಲಿಗೆ ಹೆಸರುವಾಸಿ. ದಾಳಿಂಬೆಗೂ ಹೆಸರುವಾಸಿ, ರಾಷ್ಟ್ರೀಯ ದಾಳಿಂಬೆ ಸಂಶೋಧನಾ ಕೇಂದ್ರ 2005ರಿಂದ ಅಲ್ಲೇ ಇದೆ. ಸಿಪ್ಪೆ ಮತ್ತು ಟವೆಲ್ ಎರಡೂ ಒಂದೇ ಊರಲ್ಲಿವೆ!

ಸಿಪ್ಪೆಯನ್ನು ಒಣಗಿಸಿ, ಪುಡಿ ಮಾಡಿ, ನೀರಲ್ಲಿ ಕುದಿಸಿದರೆ ಟ್ಯಾನಿನ್ ನೀರಿಗೆ ಬರುತ್ತದೆ. ಪಟಿಕದ ಜೊತೆ ಹತ್ತಿ ಬಟ್ಟೆಗೆ ಹಳದಿ ಬರುತ್ತದೆ, ಕಬ್ಬಿಣ ಸೇರಿದರೆ ಬೂದು, ಕಡುಹಸಿರು ಬೂದು. ಬಣ್ಣದ ಜೊತೆಗೆ ಇನ್ನೆರಡು ಗುಣ ಪುಕ್ಕಟೆ ಸಿಗುತ್ತವೆ. ಟ್ಯಾನಿನ್ ಅತಿನೇರಳೆ ಕಿರಣವನ್ನು ಹೀರುತ್ತದೆ. ತೆಳುವಾದ ಬಿಳಿ ಹತ್ತಿ ಬಟ್ಟೆ ಬಿಸಿಲಿಗೆ ಅಂಥ ದೊಡ್ಡ ಅಡ್ಡವೇನಲ್ಲ. ಯುಪಿಎಫ್ 50 ಅಂದರೆ 50ರಲ್ಲಿ 1 ಪಾಲು ಕಿರಣ ಮಾತ್ರ ಒಳಗೆ ಬರುತ್ತದೆ ಅಂತ ಅರ್ಥ, ಅಂಥ ಬಿಳಿ ಬಟ್ಟೆ ಈ ಅಂಕೆಯ ಹತ್ತಿರಕ್ಕೂ ಬರದಿರುವುದುಂಟು. ದಾಳಿಂಬೆಯಲ್ಲಿ ಬಣ್ಣ ಹಾಕಿದ ಅದೇ ಬಟ್ಟೆಯಲ್ಲಿ ಈ ಅಂಕೆ ಚೆನ್ನಾಗಿ ಏರುತ್ತದೆ. ಇನ್ನೊಂದು, ಬ್ಯಾಕ್ಟೀರಿಯಾದ ಪ್ರೋಟೀನನ್ನೂ ಟ್ಯಾನಿನ್ ಬಿಡುವುದಿಲ್ಲ. ನಿಮ್ಮ ನಾಲಿಗೆಯಲ್ಲಿ ಮಾಡಿದ ಕೆಲಸವನ್ನೇ ಅಲ್ಲೂ ಮಾಡುತ್ತದೆ. ಬೆವರು ತಾನಾಗಿ ಅಷ್ಟು ನಾರುವುದಿಲ್ಲ, ಅದನ್ನು ತಿನ್ನುವ ಬ್ಯಾಕ್ಟೀರಿಯಾದಿಂದ ವಾಸನೆ. ಅವು ಕಮ್ಮಿಯಾದರೆ ವಾಸನೆಯೂ ಕಮ್ಮಿ.

ಸರಿ, ಇಷ್ಟು ಸುಲಭ ಇದ್ದರೆ ಎಲ್ಲರೂ ಯಾಕೆ ಮಾಡುತ್ತಿಲ್ಲ?

ಹತ್ತಿಯಲ್ಲಿ ಪ್ರೋಟೀನ್ ಇಲ್ಲ. ಅದು ಸೆಲ್ಯುಲೋಸ್. ರೇಷ್ಮೆ, ಉಣ್ಣೆಯನ್ನು ಹಿಡಿದಷ್ಟು ಬಿಗಿಯಾಗಿ ಟ್ಯಾನಿನ್ ಹತ್ತಿಯನ್ನು ಹಿಡಿಯುವುದಿಲ್ಲ. ಮಧ್ಯೆ ಒಬ್ಬ ದಲ್ಲಾಳಿ ಬೇಕು. ಪಟಿಕದ ಅಲ್ಯೂಮಿನಿಯಂ, ತುಕ್ಕಿನ ಕಬ್ಬಿಣ ಇಂಥ ದಲ್ಲಾಳಿಗಳು. ಒಂದು ಕೈಯಲ್ಲಿ ನಾರು, ಇನ್ನೊಂದು ಕೈಯಲ್ಲಿ ಟ್ಯಾನಿನ್. ಆದರೆ ದಲ್ಲಾಳಿ ಯಾರು ಅನ್ನುವುದನ್ನು ನೋಡಿಕೊಳ್ಳಬೇಕು. ಕಬ್ಬಿಣ ಹೆಚ್ಚಾದರೆ ಬಟ್ಟೆಯೇ ವರ್ಷಗಳಲ್ಲಿ ಜೀರ್ಣವಾಗುತ್ತದೆ. ಹಳೆ ಅಚ್ಚಿನ ಬಟ್ಟೆಗಳಲ್ಲಿ ಕಪ್ಪು ಗೆರೆ ಇದ್ದ ಜಾಗವೇ ಮೊದಲು ತೂತಾಗುವುದು ಇದರಿಂದ. ಮೈಲುತುತ್ತ, ಕ್ರೋಮಿಯಂ ಲವಣ ಹಾಕಿದರೆ ಬಣ್ಣವೇನೋ ಚೆನ್ನಾಗಿ ನಿಲ್ಲುತ್ತದೆ, ಆದರೆ ಚರಂಡಿಗೆ ಹೋಗುವ ನೀರು ವಿಷ. ಸಿಪ್ಪೆಯ ಬಣ್ಣ, ಕ್ರೋಮಿಯಂ ದಲ್ಲಾಳಿ, ಮೇಲೆ 'ಹರ್ಬಲ್' ಚೀಟಿ. ಇದು ಮೋಸ ಅಂತಲೇ ನಾನು ಹೇಳುವುದು.

ಇದಕ್ಕೆ ಬೇರೆ ದಾರಿಯೂ ಹುಡುಕಿದ್ದಾರೆ. ನಿಂಬೂ ಫೂಲ್ ಅಂತ ಕಿರಾಣಿ ಅಂಗಡಿಯಲ್ಲಿ ಸಿಗುವ ಸಿಟ್ರಿಕ್ ಆಮ್ಲವನ್ನು ಕಬ್ಬಿನ ಕಾಕಂಬಿ ಹುದುಗಿಸಿಯೂ ತಯಾರಿಸುತ್ತಾರೆ. ಬಟ್ಟೆಯನ್ನು ಅದರಲ್ಲಿ ಅದ್ದಿ, ಹಿಂಡಿ, 160-180 ಡಿಗ್ರಿ ಬಿಸಿಯಲ್ಲಿ ಕೆಲವು ನಿಮಿಷ ಕಾಯಿಸಿದರೆ ಅದು ಸೆಲ್ಯುಲೋಸ್ ಜೊತೆ ಗಟ್ಟಿ ಬೆಸುಗೆ ಮಾಡಿಕೊಳ್ಳುತ್ತದೆ. ಮೊದಲೆಲ್ಲ ಈ ಬೆಸುಗೆಗೆ ಫಾರ್ಮಾಲ್ಡಿಹೈಡ್ ಬಳಸುತ್ತಿದ್ದರು, ಅದು ಕಣ್ಣು ಉರಿಸುವ, ಆರೋಗ್ಯ ಕೆಡಿಸುವ ವಸ್ತು. ಸಿಟ್ರಿಕ್ ಆಮ್ಲಕ್ಕೆ ಆ ದೋಷವಿಲ್ಲ. ಬಟ್ಟೆ ಸ್ವಲ್ಪ ಹಳದಿಯಾಗುತ್ತದೆ, ಸ್ವಲ್ಪ ಬಲ ಕಳೆದುಕೊಳ್ಳುತ್ತದೆ, ಅಷ್ಟಕ್ಕೆ ಒಪ್ಪಿಕೊಳ್ಳಬೇಕು.

ಇನ್ನು ಸೀಗಡಿ ಚಿಪ್ಪು. ಮುಂಬೈಯ ಸಸೂನ್ ಡಾಕ್ ಕಡೆ ಬೆಳಗ್ಗೆ ಹೋದವರಿಗೆ ಹೆಂಗಸರು ಸಾಲಾಗಿ ಕೂತು ಸೀಗಡಿ ಸುಲಿಯುವುದು ಗೊತ್ತಿರುತ್ತದೆ, ಆ ವಾಸನೆಯೂ ಗೊತ್ತಿರುತ್ತದೆ. ಆ ಚಿಪ್ಪಿನಲ್ಲಿ ಸುಣ್ಣ, ಪ್ರೋಟೀನ್ ಮತ್ತು ಕೈಟಿನ್ ಇರುತ್ತವೆ. ಆಮ್ಲದಿಂದ ಸುಣ್ಣ ತೆಗೆದು, ಕ್ಷಾರದಿಂದ ಪ್ರೋಟೀನ್ ತೆಗೆದು, ಆಮೇಲೆ ಬಲವಾದ ಕಾಸ್ಟಿಕ್ ಸೋಡಾದಲ್ಲಿ ಬೇಯಿಸಿದರೆ ಕೈಟೋಸಾನ್ ಸಿಗುತ್ತದೆ. ಈ ವಿಧಾನದ ಮೇಲೆ ಕೊಚ್ಚಿಯ ಕೇಂದ್ರೀಯ ಮೀನುಗಾರಿಕೆ ತಂತ್ರಜ್ಞಾನ ಸಂಸ್ಥೆ ಬಹಳ ಕೆಲಸ ಮಾಡಿದೆ. ಕೈಟೋಸಾನ್ ವಿನೆಗರಿನಂಥ ತೆಳು ಆಮ್ಲದಲ್ಲಿ ಕರಗುತ್ತದೆ, ಕರಗಿದಾಗ ಅದಕ್ಕೆ ಧನ ವಿದ್ಯುದಂಶ ಬರುತ್ತದೆ. ನೀರಲ್ಲಿ ನೆನೆದ ಹತ್ತಿಗೆ ಋಣ ವಿದ್ಯುದಂಶ, ಬ್ಯಾಕ್ಟೀರಿಯಾದ ಮೈಗೂ ಋಣ. ಹೀಗಾಗಿ ಅದು ಎರಡಕ್ಕೂ ಅಂಟುತ್ತದೆ.

ಇದರ ದೊಡ್ಡ ಲಾಭ ವಾಸನೆ ತಡೆಯುವುದರಲ್ಲಿಲ್ಲ ಅನ್ನುವುದು ನನ್ನ ಅಭಿಪ್ರಾಯ. ಲಾಭ ಇರುವುದು ಉಪ್ಪಿನಲ್ಲಿ. ಇದನ್ನು ಸ್ವಲ್ಪ ನಿಧಾನವಾಗಿ ನೋಡೋಣ, ಯಾಕೆಂದರೆ ಬಟ್ಟೆಯ ಕೆಲಸದಲ್ಲಿ ನದಿಗಳು ಕೆಟ್ಟಿದ್ದು ಬಹಳ ಮಟ್ಟಿಗೆ ಇಲ್ಲೇ. ನಾವು ಹಾಕುವ ಹತ್ತಿ ಬಟ್ಟೆಗೆ ಸಾಮಾನ್ಯವಾಗಿ ಹಾಕುವುದು ರಿಯಾಕ್ಟಿವ್ ಬಣ್ಣ. ಆ ಬಣ್ಣಕ್ಕೂ ಋಣ ವಿದ್ಯುದಂಶ, ಹತ್ತಿಗೂ ಋಣ. ಎರಡೂ ದೂರ ತಳ್ಳಿಕೊಳ್ಳುತ್ತವೆ. ಹತ್ತಿರ ತರಲು ಹಂಡೆಗೆ ಉಪ್ಪು ಸುರಿಯುತ್ತಾರೆ. ಲೀಟರಿಗೆ 50 ಗ್ರಾಂ ಅಂತ ಇಟ್ಟುಕೊಳ್ಳಿ, ಕಡುಬಣ್ಣಕ್ಕೆ ಇನ್ನೂ ಹೆಚ್ಚು ಬೇಕು. 1 ಕಿಲೋ ಬಟ್ಟೆಗೆ 10 ಲೀಟರ್ ನೀರು ಅಂದರೆ 500 ಗ್ರಾಂ ಉಪ್ಪು. ಈ ಉಪ್ಪು ಬಟ್ಟೆಯಲ್ಲಿ ಉಳಿಯುವುದಿಲ್ಲ, ಅಷ್ಟೂ ಚರಂಡಿಗೆ. ಬಣ್ಣವನ್ನಾದರೂ ಸೂಕ್ಷ್ಮಜೀವಿಗಳು ತಿಂದಾವು, ಉಪ್ಪನ್ನು ಯಾವ ಜೀವಿಯೂ ತಿನ್ನುವುದಿಲ್ಲ. ತಿರುಪ್ಪೂರಿನಲ್ಲಿ ನೊಯ್ಯಲ್ ನದಿಯ ಮೂಲಕ ಈ ನೀರು ಓರತ್ತುಪಾಳಯಂ ಅಣೆಕಟ್ಟೆಗೆ ಹೋಗಿ ತುಂಬಿತು, ಸುತ್ತಲಿನ ರೈತರ ಬಾವಿ, ಹೊಲ ಉಪ್ಪಾದವು. 2011ರ ಜನವರಿಯಲ್ಲಿ ಮದ್ರಾಸ್ ಹೈಕೋರ್ಟ್ ಅಲ್ಲಿನ ಬಣ್ಣದ ಘಟಕಗಳನ್ನು ಮುಚ್ಚಲು ಹೇಳಿತು. ನೂರಾರು ಘಟಕ ನಿಂತವು, ದಿನಗೂಲಿಯವರು ಊರಿಗೆ ವಾಪಸ್ಸಾದರು. ಒಂದು ಹನಿಯೂ ಹೊರಗೆ ಬಿಡಬಾರದು ಅನ್ನುವ ನಿಯಮದಲ್ಲಿ ಮತ್ತೆ ತೆರೆಯಬೇಕಾದರೆ ನೀರನ್ನು ಸೋಸಿ, ಉಳಿದದ್ದನ್ನು ಕಾಯಿಸಿ ಇಂಗಿಸಿ, ಉಪ್ಪನ್ನು ಬೇರೆ ಮಾಡಬೇಕು. ಆ ಯಂತ್ರಗಳ ಖರ್ಚನ್ನು ದೊಡ್ಡವರು ತಡೆದುಕೊಂಡಾರು, ನಾಲ್ಕು ಹಂಡೆ ಇಟ್ಟುಕೊಂಡವನಿಗೆ ಕಷ್ಟ.

ಬಟ್ಟೆಗೆ ಮೊದಲೇ ಕೈಟೋಸಾನ್ ಹಚ್ಚಿದರೆ ಬಟ್ಟೆಯ ಮೈ ಧನವಾಗುತ್ತದೆ. ಆಗ ಬಣ್ಣ ತಾನಾಗಿ ಬಂದು ಅಂಟುತ್ತದೆ, ಉಪ್ಪು ಬಹಳ ಕಡಿಮೆ ಸಾಕು. ಪ್ರಯೋಗಾಲಯದಲ್ಲಿ ಇದು ಮತ್ತೆ ಮತ್ತೆ ಸಾಬೀತಾಗಿದೆ. ಮಿಲ್ಲಿನಲ್ಲಿ ಎದುರಾಗುವ ತೊಡಕು ಏನೆಂದರೆ, ಬಣ್ಣ ಸಿಕ್ಕಿದ ಜಾಗಕ್ಕೇ ಬೇಗ ಅಂಟಿ ಕಲೆಕಲೆಯಾಗುವುದು, ಬಟ್ಟೆ ಒರಟಾಗುವುದು. ಇನ್ನೂ ಒಂದು ತೊಡಕಿದೆ, ಅದನ್ನು ಮುಚ್ಚಿಡಬಾರದು. ಚಿಪ್ಪಿನಿಂದ ಕೈಟೋಸಾನ್ ತೆಗೆಯುವಾಗಲೇ ಆಮ್ಲ, ಕಾಸ್ಟಿಕ್ ನೀರು ಹೊರಗೆ ಬರುತ್ತದೆ. ಅದನ್ನು ಸರಿಯಾಗಿ ಶುದ್ಧ ಮಾಡದಿದ್ದರೆ ತಿರುಪ್ಪೂರಿನ ತೊಂದರೆಯನ್ನು ತೆಗೆದು ಬಂದರಿನ ಪಕ್ಕ ಇಟ್ಟ ಹಾಗಾಯಿತು.

ರೇಷ್ಮೆಯ ವಿಷಯ ನಮಗೆ ಹತ್ತಿರದ್ದು. ರಾಮನಗರ, ಶಿಡ್ಲಘಟ್ಟದ ರೀಲರುಗಳಲ್ಲಿ ಮುಸ್ಲಿಂ ಕುಟುಂಬಗಳು ಬಹಳ, ನಿಮ್ಮ ನೆಂಟರೇ ಇರಬಹುದು. ರೇಷ್ಮೆ ಎಳೆಯಲ್ಲಿ ಎರಡು ಪ್ರೋಟೀನು. ಒಳಗಿನದು ಫೈಬ್ರಾಯಿನ್, ಹೊಳೆಯುವ ಎಳೆ ಅದೇ. ಹೊರಗೆ ಅಂಟಿನ ಹಾಗೆ ಸುತ್ತಿಕೊಂಡಿರುವುದು ಸೆರಿಸಿನ್. ತೂಕದಲ್ಲಿ 20ರಿಂದ 30 ಶೇಕಡಾ ಈ ಅಂಟೇ. ಬಣ್ಣ ಹಾಕುವ ಮೊದಲು ಸೋಪು, ಸೋಡಾ ಹಾಕಿದ ಬಿಸಿನೀರಲ್ಲಿ ಬೇಯಿಸಿ ಅಂಟು ತೆಗೆಯುತ್ತಾರೆ. ಅಂದರೆ 100 ಕಿಲೋ ಕಚ್ಚಾ ರೇಷ್ಮೆಗೆ 20-30 ಕಿಲೋ ಪ್ರೋಟೀನು ಚರಂಡಿಗೆ ಹೋಗಿ ಕೊಳೆಯುತ್ತದೆ. ಸೋಪಿಲ್ಲದೆ, ಕುಕ್ಕರಿನ ಹಾಗೆ ಒತ್ತಡದಲ್ಲಿ ಬರೀ ನೀರಿನಿಂದ ಬೇಯಿಸಿದರೆ ಸೆರಿಸಿನ್ ಶುದ್ಧವಾಗಿ ಸಿಗುತ್ತದೆ. ಅದು ನೀರನ್ನು ಹಿಡಿದಿಟ್ಟುಕೊಳ್ಳುವ ವಸ್ತು, ಮುಖದ ಕ್ರೀಮುಗಳಲ್ಲಿ ಈಗಾಗಲೇ ಬಳಕೆಯಲ್ಲಿದೆ. ಪಾಲಿಯೆಸ್ಟರಿಗೆ ಹಚ್ಚಿದರೆ ಬೆವರು ಹೀರುವ ಗುಣ ಬರುತ್ತದೆ. ಆದರೆ ನೀರಲ್ಲಿ ಕರಗಿ ಬಂದದ್ದು ನೀರಲ್ಲೇ ಕರಗಿ ಹೋಗುತ್ತದಲ್ಲ? ಬೆಸುಗೆ ಹಾಕದಿದ್ದರೆ ನಾಲ್ಕು ಒಗೆತಕ್ಕೆ ಮುಗಿಯಿತು. ಮತ್ತೆ ಅದೇ ಪ್ರಶ್ನೆ.

ಬಾಳೆಯಲ್ಲೂ ಇದನ್ನೇ ಕಾಣುತ್ತೀರಿ. ಬಾಳೆಗಿಡ ಒಂದೇ ಗೊನೆ ಕೊಡುತ್ತದೆ, ಆಮೇಲೆ ಕಂಬ ಕಡಿದು ಬಿಸಾಡಬೇಕು. ಜಳಗಾಂವ್‌ನಂಥ ಬಾಳೆ ಜಿಲ್ಲೆಯಲ್ಲಿ ಅದು ರಾಶಿ ರಾಶಿ. ಮುಂಬೈಯ ಮಾಟುಂಗಾದಲ್ಲಿ, ಮೈಸೂರು ಅಸೋಸಿಯೇಶನ್‌ಗೆ ಹೋಗಿ ಬರುವ ನಮ್ಮವರು ಓಡಾಡುವ ಬಡಾವಣೆಯಲ್ಲೇ, 1924ರಲ್ಲಿ ಶುರುವಾದ ಕೇಂದ್ರೀಯ ಹತ್ತಿ ತಂತ್ರಜ್ಞಾನ ಸಂಶೋಧನಾ ಸಂಸ್ಥೆ ಇದೆ. ಅಲ್ಲಿನ ವಿಜ್ಞಾನಿಗಳು ಬಾಳೆಕಂಬದ ರಸವನ್ನು ಹತ್ತಿ ಬಟ್ಟೆಗೆ ಹಚ್ಚಿ ಬೆಂಕಿ ಪರೀಕ್ಷೆ ಮಾಡಿದರು. ಒಂದು ವಸ್ತು ಉರಿಯುತ್ತಲೇ ಇರಲು ಗಾಳಿಯಲ್ಲಿ ಕನಿಷ್ಠ ಎಷ್ಟು ಆಮ್ಲಜನಕ ಬೇಕು ಅನ್ನುವುದಕ್ಕೆ ಒಂದು ಅಂಕೆ ಇದೆ. ಬರೀ ಹತ್ತಿಗೆ ಸುಮಾರು 18 ಶೇಕಡಾ ಸಾಕು. ಗಾಳಿಯಲ್ಲಿ 21 ಇರುವುದರಿಂದ ಹತ್ತಿ ಭರ್ರನೆ ಉರಿಯುತ್ತದೆ. ಬಾಳೆ ರಸ ಹಚ್ಚಿದ ಬಟ್ಟೆಯಲ್ಲಿ ಅದು 30ರ ಹತ್ತಿರಕ್ಕೆ ಏರಿತು, ಅಂದರೆ ಸಾಧಾರಣ ಗಾಳಿಯಲ್ಲಿ ಜ್ವಾಲೆ ತಾನಾಗಿ ನಂದುತ್ತದೆ. ರಸದಲ್ಲಿರುವ ಫಾಸ್ಫೇಟ್, ಕ್ಲೋರೈಡ್‌ನಂಥ ಲವಣಗಳು ಹತ್ತಿಯನ್ನು ಉರಿಯುವ ಅನಿಲವಾಗಲು ಬಿಡದೆ ಇದ್ದಿಲಿನತ್ತ ತಿರುಗಿಸುತ್ತವೆ.

ಬಾಳೆಯ ಸೊನೆ ಬಿದ್ದ ಕಲೆ ಜನ್ಮದಲ್ಲಿ ಹೋಗುವುದಿಲ್ಲ ಅಂತ ಅಮ್ಮಂದಿರು ಬೈಯುತ್ತಾರಲ್ಲ, ಹಾಗಾದರೆ ಈ ಗುಣವೂ ಉಳಿಯಬೇಕಲ್ಲ ಅಂತ ನಿಮಗೆ ಅನ್ನಿಸಬಹುದು. ಕಲೆ ಉಳಿಯುತ್ತದೆ, ಅದು ಟ್ಯಾನಿನ್ ಬಳಗದ್ದು. ಬೆಂಕಿ ತಡೆಯುವ ಲವಣ ಉಪ್ಪಿನ ಹಾಗೆ ಕರಗಿ ಹೋಗುತ್ತದೆ. ಆದ್ದರಿಂದ ಇದು ದಿನಾ ಒಗೆಯುವ ಮಗುವಿನ ಅಂಗಿಗೆ ಆಗುವುದಿಲ್ಲ. ಪರದೆ, ಶಾಮಿಯಾನ, ಸೋಫಾ ಒಳಗಿನ ಬಟ್ಟೆ ಇಂಥವಕ್ಕೆ ಸರಿ. ಮದುವೆ ಶಾಮಿಯಾನಗಳಿಗೆ ಬೆಂಕಿ ಬಿದ್ದ ಸುದ್ದಿ ಓದುವಾಗಲೆಲ್ಲ ಈ ಬಾಳೆಕಂಬ ನನಗೆ ನೆನಪಾಗುತ್ತದೆ.

ಹಾಗಾದರೆ ಅಂಗಡಿಯಲ್ಲಿ '99 ಶೇಕಡಾ ಬ್ಯಾಕ್ಟೀರಿಯಾ ನಾಶ' ಅಂತ ಬರೆದದ್ದನ್ನು ಏನು ಮಾಡುವುದು? ಆ ಅಂಕೆ ಸುಳ್ಳೇ ಆಗಿರಬೇಕಿಲ್ಲ. ಪ್ರಯೋಗಾಲಯದಲ್ಲಿ ಬಟ್ಟೆಯ ತುಂಡಿನ ಮೇಲೆ ಬ್ಯಾಕ್ಟೀರಿಯಾ ಹಾಕಿ ಒಂದು ದಿನದ ಹತ್ತಿರ ಬಿಟ್ಟು ಎಣಿಸುತ್ತಾರೆ. ಹೊಸ ಬಟ್ಟೆಯಲ್ಲಿ 99 ಬಂದಿರುತ್ತದೆ. 10 ಅಥವಾ 20 ಒಗೆತದ ನಂತರದ ಅಂಕೆ ಪಕ್ಕದಲ್ಲಿ ಬರೆದಿದೆಯಾ ನೋಡಿ. ಬರೆದಿಲ್ಲ ಅಂದರೆ ಹೆಚ್ಚು ಬೆಲೆ ಕೊಡಬೇಡಿ. ಮತ್ತೆ, ವಾಸನೆ ತಡೆಯುವ ಬಟ್ಟೆ ರೋಗ ತಡೆಯುವ ಬಟ್ಟೆ ಅಲ್ಲ.

ಕಸಕ್ಕೂ ಅದರದೇ ಆದ ಹಟಗಳಿವೆ. ಹಸಿ ಸಿಪ್ಪೆ ಎರಡು ದಿನದಲ್ಲಿ ಬೂಸ್ಟು ಹಿಡಿಯುತ್ತದೆ, ಒಣಗಿಸಲು ಜಾಗ ಬೇಕು. ಈ ತಿಂಗಳ ಸಿಪ್ಪೆಯ ಒಗರು ಮುಂದಿನ ತಿಂಗಳದ್ದಕ್ಕೆ ಸಮನಾಗಿರುವುದಿಲ್ಲ, ಆದರೆ ಖರೀದಿದಾರನಿಗೆ ಸಾವಿರ ಅಂಗಿಯೂ ಒಂದೇ ಬಣ್ಣ ಬೇಕು. ಕುದಿಸಲು ಸೌದೆಯೋ ಗ್ಯಾಸೋ ಬೇಕು. ಕಸಕ್ಕೆ ಬೇಡಿಕೆ ಬಂದ ದಿನ ಅದು ಕಸವಾಗಿ ಉಳಿಯುವುದಿಲ್ಲ, ಅದಕ್ಕೂ ರೇಟು ಬರುತ್ತದೆ. ಜ್ಯೂಸ್ ಅಂಗಡಿಯವನಿಗೆ ನಾಲ್ಕು ಕಾಸು ಬಂದರೆ ಒಳ್ಳೆಯದೇ, ಲೆಕ್ಕದಲ್ಲಿ ಮಾತ್ರ ಅದನ್ನು ಮೊದಲೇ ಹಿಡಿದಿರಬೇಕು.

ವಿದ್ಯಾರ್ಥಿಗಳು ಇದನ್ನು ಮನೆಯಲ್ಲೇ ನೋಡಬಹುದು. ಬಿಳಿ ಹತ್ತಿ ಬಟ್ಟೆ 100 ಗ್ರಾಂ ತೆಗೆದುಕೊಳ್ಳಿ, ವಾಷಿಂಗ್ ಸೋಡಾ ಹಾಕಿದ ನೀರಲ್ಲಿ ಅರ್ಧ ಗಂಟೆ ಕುದಿಸಿ ಚೆನ್ನಾಗಿ ಜಾಲಿಸಿ. ಹೊಸ ಬಟ್ಟೆಯ ಗಂಜಿ, ಮೇಣ ಹೋಗದಿದ್ದರೆ ಬಣ್ಣ ಸಮನಾಗಿ ಹಿಡಿಯುವುದಿಲ್ಲ. 50 ಗ್ರಾಂ ಒಣ ದಾಳಿಂಬೆ ಸಿಪ್ಪೆಯನ್ನು 2 ಲೀಟರ್ ನೀರಲ್ಲಿ ಒಂದು ಗಂಟೆ ಕುದಿಸಿ ಸೋಸಿ, ಬಟ್ಟೆಯನ್ನು ಅದರಲ್ಲಿ ಇನ್ನೊಂದು ಗಂಟೆ ಸಣ್ಣ ಉರಿಯಲ್ಲಿ ಬಿಡಿ. ಅಡುಗೆಯ ಪಾತ್ರೆ ಬೇಡ, ಹಳೆಯ ಸ್ಟೀಲ್ ಪಾತ್ರೆ ಇದಕ್ಕೇ ಅಂತ ಇಟ್ಟುಕೊಳ್ಳಿ. ಆಮೇಲೆ ಬಟ್ಟೆಯನ್ನು ಮೂರು ತುಂಡು ಮಾಡಿ. ಒಂದು ಹಾಗೆಯೇ ಇರಲಿ. ಇನ್ನೊಂದನ್ನು 5 ಗ್ರಾಂ ಪಟಿಕ ಕರಗಿಸಿದ ಬೆಚ್ಚನೆಯ ನೀರಲ್ಲಿ ಅರ್ಧ ಗಂಟೆ ಇಡಿ. ಮೂರನೆಯದನ್ನು ತುಕ್ಕು ಮೊಳೆ ನೆನೆಸಿಟ್ಟ ವಿನೆಗರಿನ ಒಂದು ಚಮಚೆ ಹಾಕಿದ ನೀರಲ್ಲಿ ಎರಡೇ ನಿಮಿಷ. ಪ್ರತಿ ತುಂಡಿನ ಒಂದು ಚೂರನ್ನು ಕತ್ತರಿಸಿ ಕತ್ತಲಲ್ಲಿಡಿ. ಉಳಿದದ್ದನ್ನು ಒಂದೇ ಸೋಪಿನಲ್ಲಿ ಹತ್ತು ಸಲ ಒಗೆದು, ಕತ್ತಲಲ್ಲಿಟ್ಟ ಚೂರಿನ ಪಕ್ಕ ಇಟ್ಟು ನೋಡಿ. ದಲ್ಲಾಳಿ ಇಲ್ಲದ ತುಂಡು ಏನಾಯಿತು ಅನ್ನುವುದನ್ನು ಪ್ರಾಜೆಕ್ಟ್ ವರದಿಯಲ್ಲಿ ಮೊದಲ ಪುಟಕ್ಕೇ ಹಾಕಿ. ಕೈಟೋಸಾನ್ ಮಾತ್ರ ಮನೆಯಲ್ಲಿ ಮಾಡಲು ಹೋಗಬೇಡಿ, ಆ ಕಾಸ್ಟಿಕ್ ಕಣ್ಣಿಗೆ ಹಾರಿದರೆ ಕಣ್ಣೇ ಹೋಗಬಹುದು.

ಪುಸ್ತಕದಲ್ಲಿ ಯಾವ ನೀರು ಬಳಸಿದಿರಿ ಅಂತಲೂ ಬರೆದಿಡಿ. ಮುಂಬೈಯ ಕೊಳಾಯಿ ನೀರಲ್ಲಿ ಬಂದ ಹಳದಿ ಬೋರ್‌ವೆಲ್ ನೀರಲ್ಲಿ ಬಾರದೆ ಹೋಗಬಹುದು, ನೀರಲ್ಲೇ ಕಬ್ಬಿಣ ಇದ್ದರೆ ನೀವು ಹಾಕದಿದ್ದರೂ ಬಟ್ಟೆ ಬೂದಾಗುತ್ತದೆ. ಕಛ್‌ನ ಧಮಡಕಾದಲ್ಲಿ 2001ರ ಭೂಕಂಪದ ನಂತರ ನೀರಲ್ಲಿ ಕಬ್ಬಿಣ ಹೆಚ್ಚಾಗಿ ಬಣ್ಣಗಳು ಕೆಡತೊಡಗಿದವು. ಅಜ್ರಖ್ ಮಾಡುವ ಅನೇಕ ಕುಟುಂಬಗಳು ಒಳ್ಳೆಯ ನೀರು ಹುಡುಕಿಕೊಂಡು ಹೋಗಿ, ಭುಜ್ ಹತ್ತಿರ ಅಜ್ರಖ್‌ಪುರ ಅಂತ ಹೊಸ ಊರನ್ನೇ ಕಟ್ಟಿಕೊಂಡವು.